ವೆಬ್ ಮನವಿಗಳ ಪಾಠಶುದ್ಧಿಯೂ ಏಕದ್ವಾರ ಪರಿಶೋಧನೆಯೂ

‘ಶಿವಮೊಗ್ಗ’ ಎಂಬ ಊರ ಹೆಸರನ್ನು ಗಣಕದಲ್ಲಿ ಎರಡು ವಿಧವಾಗಿ ಬರೆದಿಡಬಹುದು. ಕಣ್ಣಿಗೆ ಕಾಣುವ ರೂಪ ಮಾತ್ರ ಒಂದೇ. ೧೯೯೧ರ ಮೊದಲ ಆವೃತ್ತಿಯಿಂದಲೂ ಕನ್ನಡವನ್ನು ಒಳಗೊಂಡಿರುವ ಯೂನಿಕೋಡ್ ಸಂಕೇತಪದ್ಧತಿಯಲ್ಲಿ ‘ಮೊ’ ಎಂಬಲ್ಲಿಯ ಒಕಾರದ ಚಿಹ್ನೆಗೆ ಪ್ರತ್ಯೇಕ ಸಂಕೇತವೊಂದುಂಟು. ಎಕಾರದ ಚಿಹ್ನೆಯ ಮುಂದೆ ಊಕಾರದ ಚಿಹ್ನೆಯನ್ನಿಟ್ಟರೂ ಅದೇ ರೂಪವು ಸಿದ್ಧಿಸುತ್ತದೆ. ಮೊದಲನೆಯ ರೀತಿಯಲ್ಲಿ ಆ ಹೆಸರಿಗೆ ೮ ಸಂಕೇತಗಳು, ಎರಡನೆಯದರಲ್ಲಿ ೯. ‘ಭದ್ರಾವತಿ’ ಎಂಬ ಹೆಸರಿಗಾದರೋ ಎಲ್ಲರೂ ಬರೆಯುವುದು ೮ ಸಂಕೇತಗಳ ಒಂದೇ ಪಾಠ. ಹಸ್ತಪ್ರತಿಗಳ ಪಾಠಾಂತರಗಳನ್ನು ಬಲ್ಲವರಿಗೆ ಈ ಭೇದವು ಹೊಸದಲ್ಲ. ಆದರೆ ಇಲ್ಲಿಯ ಪಾಠಾಂತರವು ಓದುವವನಿಗೆ ಅಗೋಚರವಾದುದು.

ವೆಬ್ ಅನ್ವಯವೊಂದಕ್ಕೆ ಬಳಕೆದಾರನು ಕಳುಹಿಸುವ ಪ್ರತಿಯೊಂದು ಬರೆಹವೂ ಒಂದು ಮನವಿ. ಅದು ಅಂಗೀಕಾರಯೋಗ್ಯವೇ ಎಂದು ನೋಡುವುದು ಪರಿಶೋಧನೆ. ಉದಾಹರಣೆಗೆ, ಪುಸ್ತಕಭಂಡಾರವೊಂದರ ಅನ್ವಯದಲ್ಲಿ ಸದಸ್ಯತ್ವ, ಪುಸ್ತಕದ ಎರವಲು, ವಿಳಾಸದ ಬದಲಾವಣೆ ಎಂಬ ಮೂರು ಪುಟಗಳಿದ್ದು, ಒಂದೊಂದೂ ತನ್ನದೇ ನಿಯಮದಿಂದ ಪರಿಶೋಧಿಸುತ್ತಿದೆಯೆಂದು ಭಾವಿಸಬಹುದು. ೯ ಸಂಕೇತಗಳ ‘ಶಿವಮೊಗ್ಗ’ವನ್ನು ಮೊದಲನೆಯ ಪುಟವು ಸ್ವೀಕರಿಸುತ್ತದೆ, ಊರುಗಳ ಪಟ್ಟಿಯೊಡನೆ ಹೋಲಿಸುವ ಎರಡನೆಯ ಪುಟವು ಅದನ್ನೇ ನಿರಾಕರಿಸುತ್ತದೆ. ವಿದ್ಯಾರ್ಥಿನಿಯು ಬರೆದುದರಲ್ಲಿ ದೋಷವಿಲ್ಲ. ಇದ್ದರೂ ಅವಳು ಅದನ್ನು ಕಾಣಲಾರಳು.

ಅಂಕಿಗಳ ವಿಷಯದಲ್ಲಿ ಭದ್ರಾವತಿಯವರಿಗೂ ಇದೇ ಗತಿ. ಆ ಊರಿನ ಅಂಚೆ ಸೂಚ್ಯಂಕ 577301. ಅದನ್ನು ೫೭೭೩೦೧ ಎಂದು ಕನ್ನಡ ಅಂಕಿಗಳಲ್ಲಿ ಬರೆದರೆ, ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಅಂಕಿಗಳನ್ನು ಗುರುತಿಸುವ ಸಂಕ್ಷಿಪ್ತ ನಿಯಮವು 0ಯಿಂದ 9ರವರೆಗಿನ ಚಿಹ್ನೆಗಳನ್ನಲ್ಲದೆ ಬೇರೆಯದನ್ನು ಒಪ್ಪದು. ಪೈಥಾನ್ ೩ರಲ್ಲಿ ಅಂತಹುದೇ ನಿಯಮವು ಕನ್ನಡ ಅಂಕಿಗಳನ್ನೂ ಒಪ್ಪುತ್ತದೆ. ಉದ್ದವನ್ನಳೆಯುವಲ್ಲಿಯೂ ಒಮ್ಮತವಿಲ್ಲ: ‘ಭದ್ರಾವತಿ’ಯು ಅಕ್ಷರಗಣನೆಯಲ್ಲಿ ೪, ಸಂಕೇತಗಣನೆಯಲ್ಲಿ ೮, ಯುಟಿಎಫ್-೮ ಕ್ರಮದ ಬೈಟುಗಳಲ್ಲಿ ೨೪. ಹೀಗೆ ನಿಯಮವು ಪುಟಪುಟಕ್ಕೂ ಚದುರಿರುವಲ್ಲಿ ತೀರ್ಪೂ ಚದುರುವುದು ಅನಿವಾರ್ಯ.

ಆದುದರಿಂದ ಪರಿಶೋಧನೆಯನ್ನು ಒಂದೇ ದ್ವಾರದಲ್ಲಿ ನಿಲ್ಲಿಸತಕ್ಕದ್ದು. ಇದಕ್ಕೆ ಬೇಕಾದ ಸ್ಥಾನವನ್ನು ವೆಬ್ ಚೌಕಟ್ಟುಗಳೇ ಒದಗಿಸುತ್ತವೆ. ೨೦೦೫ರಲ್ಲಿ ಪ್ರಕಟವಾದ ಜ್ಯಾಂಗೋ ಎಂಬುದರಲ್ಲಿ ‘ಫಾರ್ಮ್’ ಎಂಬ ರಚನೆಯು ಮನವಿಯನ್ನು ಶೋಧಿಸಿ, ಶುದ್ಧವಾದ ಅಂಶಗಳನ್ನು ಪ್ರತ್ಯೇಕವಾಗಿ ಒಪ್ಪಿಸುತ್ತದೆ. ಲಾರವೆಲ್ ಎಂಬುದರಲ್ಲಿ ‘ಫಾರ್ಮ್ ರಿಕ್ವೆಸ್ಟ್’ ಎಂಬುದು ಮನವಿಯು ಕಾರ್ಯಭಾಗವನ್ನು ತಲಪುವ ಮುನ್ನವೇ ಅದನ್ನು ತಡೆದು ಪರೀಕ್ಷಿಸುತ್ತದೆ. ಆದರೆ ಕ್ರಮವು ಮುಖ್ಯ: ಮೊದಲು ಪಾಠನಿರ್ಣಯ, ಆಮೇಲೆ ಪರಿಶೋಧನೆ. ಎನ್‌ಎಫ್‌ಸಿ ಎಂದು ಯೂನಿಕೋಡ್ ಪದ್ಧತಿಯೇ ವಿಧಿಸಿರುವ ಸಂಯುಕ್ತರೂಪಕ್ಕೆ ತಂದರೆ ೯ ಸಂಕೇತಗಳ ‘ಶಿವಮೊಗ್ಗ’ವು ೮ಕ್ಕೆ ನಿಲ್ಲುತ್ತದೆ. ಅಂಕಿಗಳನ್ನು ಈ ವಿಧಿಯು ಮುಟ್ಟದಾದುದರಿಂದ ಅವುಗಳಿಗೆ ಬೇರೊಂದು ನಿಯಮವನ್ನು ಬರೆಯಬೇಕು. ಬಳಕೆದಾರನ ಬದಿಯಲ್ಲಿ ನಡೆಯುವ ಪರೀಕ್ಷೆಯು ಸೌಕರ್ಯ ಮಾತ್ರ. ಅದನ್ನು ದಾಟಿ ಮನವಿಯನ್ನು ನೇರವಾಗಿ ಕಳುಹಿಸಬಹುದಾದುದರಿಂದ ನಿರ್ಣಾಯಕ ದ್ವಾರವು ಸರ್ವರಿನಲ್ಲಿಯೇ ಇರತಕ್ಕದ್ದು.

ಪಾಠಶುದ್ಧಿಯೆಂಬುದು ಪಾಠಲೋಪವಾಗಕೂಡದು. ಕನ್ನಡಕ್ಕೆ ಮೀಸಲಾದ ಸಂಕೇತಗಳನ್ನಲ್ಲದೆ ಬೇರೊಂದನ್ನೂ ಒಪ್ಪದ ನಿಯಮವು ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕಕಾರಗಳು ಒತ್ತಾಗದಂತೆ ತಡೆಯುವ ಅದೃಶ್ಯ ಚಿಹ್ನೆಯನ್ನು ದೋಷವೆಂದೆಣಿಸುವುದು. ೨೦೧೪ರ ನವೆಂಬರ್ ೧ರಿಂದ ರೋಮನ್ ಲಿಪಿಯ ಅಧಿಕೃತ ರೂಪವೂ ‘ಶಿವಮೊಗ್ಗ’ವೆಂಬುದನ್ನೇ ಅನುಸರಿಸುತ್ತಿದೆ, ಅದಕ್ಕೆ ಹಿಂದಿನ ಪ್ರಮಾಣಪತ್ರಗಳಲ್ಲಿರುವ ‘ಶಿಮೊಗ’ ಎಂಬ ರೂಪ ಅಪಪಾಠವಲ್ಲ, ಪೂರ್ವರೂಪ. ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿದ್ದಿತು. ಸಂಕೇತಗಳ ಭೇದವನ್ನು ದ್ವಾರದಲ್ಲಿ ಅಳಿಸಬಹುದು. ಹೆಸರುಗಳ ಭೇದವನ್ನು ಅಳಿಸದೆ, ಒಂದೇ ಊರಿನ ನಾಮಾಂತರಗಳೆಂದು ಪಟ್ಟಿಯಲ್ಲಿ ಕಾಣಿಸತಕ್ಕದ್ದು.

ಏಕದ್ವಾರದಲ್ಲಿ ತಪ್ಪು ನಿಯಮವಿದ್ದರೆ ಎಲ್ಲ ಪುಟಗಳೂ ಒಮ್ಮೆಗೇ ಮುಚ್ಚುವುವೆಂಬ ಆಕ್ಷೇಪವು ನಿಜವೇ. ಆದರೆ ಅಂತಹ ತಪ್ಪು ಬೇಗ ಕಾಣುತ್ತದೆ, ಒಂದೆಡೆ ತಿದ್ದಿದರೆ ಎಲ್ಲೆಡೆಯೂ ತಿದ್ದಿದಂತಾಗುತ್ತದೆ. ಚದುರಿದ ನಿಯಮಗಳ ತಪ್ಪಾದರೋ, ಸರಿಯಾಗಿ ಬರೆದವನನ್ನೇ ತಪ್ಪಿತಸ್ಥನನ್ನಾಗಿ ಮಾಡಿ, ಕಾರಣವನ್ನು ತಿಳಿಸದೆ ಹಿಂದಕ್ಕಟ್ಟುವುದು.