ಆಳದ ಅಂಕಿಯೂ ದುರ್ಗದ ನೆಲವೂ

ಲೋಹಶೋಧಕ ಯಂತ್ರವನ್ನು ಮಾರುವವರು ಅದರ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸುವ ಆಳದ ಅಂಕಿಯು, ಓದುವವನಿಗೆ ಯಂತ್ರವೊಂದರದೇ ಗುಣವೆಂಬಂತೆ ತೋರುವುದಾದರೂ, ವಾಸ್ತವವಾಗಿ ಯಂತ್ರ, ಲೋಹ, ನೆಲ ಈ ಮೂರರ ಸಂಬಂಧದಿಂದ ಮಾತ್ರ ನಿರ್ಣಯವಾಗತಕ್ಕದ್ದು. ಈ ಸತ್ಯವನ್ನು ಮನಗಾಣಿಸಲು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಭೂಮಿಗಿಂತ ನಿಷ್ಠುರವಾದ ಗುರು ದೊರೆಯುವುದು ಕಷ್ಟ.

ಯಂತ್ರದ ತತ್ತ್ವ ಸರಳವಾದುದು. ಸುರುಳಿಯೊಂದರಲ್ಲಿ ಹರಿಯುವ ಪರ್ಯಾಯ ವಿದ್ಯುತ್ತು ನೆಲದೊಳಕ್ಕೆ ಕಾಂತಕ್ಷೇತ್ರವನ್ನು ಹರಡುತ್ತದೆ. ಅಲ್ಲಿ ಲೋಹವಿದ್ದರೆ ಅದರಲ್ಲಿ ಸುಳಿವಿದ್ಯುತ್ತು ಹುಟ್ಟಿ, ತನ್ನದೇ ಆದ ಕ್ಷೀಣ ಕ್ಷೇತ್ರವನ್ನು ಹಿಂದಕ್ಕೆ ಕಳುಹಿಸುತ್ತದೆ. ಅದನ್ನೇ ಯಂತ್ರವು ನಾದವಾಗಿ ನುಡಿಯುತ್ತದೆ. ಆದರೆ ಹೋಗುವ ಕ್ಷೇತ್ರವೂ ಮರಳುವ ಕ್ಷೇತ್ರವೂ ದೂರದೊಡನೆ ಕುಗ್ಗುವುದರಿಂದ, ಸಣ್ಣ ನಾಣ್ಯವೊಂದರ ಪ್ರತಿಧ್ವನಿಯು ಸುರುಳಿಯಿಂದ ದೂರವಾದಾಗ ಸರಿಸುಮಾರು ದೂರದ ಆರನೆಯ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ಅಂದರೆ ಯಂತ್ರದ ಸಂವೇದನೆಯನ್ನು ಇಮ್ಮಡಿಗೊಳಿಸಿದರೂ ಆಳದಲ್ಲಿ ಲಭಿಸುವ ಲಾಭ ಶೇಕಡಾ 12ರಷ್ಟು ಮಾತ್ರ. ಆಳವನ್ನೇ ಇಮ್ಮಡಿಗೊಳಿಸಬೇಕೆಂದರೆ ಸಂವೇದನೆಯನ್ನು 64 ಪಾಲು ಹೆಚ್ಚಿಸಬೇಕು. ಸಾಧಾರಣ ಸುರುಳಿಯಿಂದ ನಾಣ್ಯವೊಂದನ್ನು ಒಂದು ಗೇಣಿನಷ್ಟು ಆಳದಲ್ಲಿ ಕಂಡುಹಿಡಿದರೆ ಅದೇ ಶ್ಲಾಘ್ಯ. ಮಾರು ಮಾರು ಆಳದ ಮಾತು ನಾಣ್ಯಕ್ಕೆ ಸಲ್ಲದು, ದೊಡ್ಡ ಲೋಹರಾಶಿಗೆ ಮಾತ್ರ ಸಂದೀತು.

ಈ ಮಿತಿಗೆ ನೆಲದ ಅಡ್ಡಿಯೂ ಸೇರುತ್ತದೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡನ ದೇಹದೊಳಗಿನ ಗುಂಡನ್ನು ಇಂತಹ ಉಪಕರಣದಿಂದ ಹುಡುಕಹೊರಟಾಗ, ಹಾಸಿಗೆಯ ಲೋಹದ ಸುರುಳಿಗಳೇ ಶೋಧನೆಗೆ ಅಡ್ಡಿಯಾದುವು. ನಮ್ಮ ಜಿಲ್ಲೆಯಲ್ಲಿ ಆ ಹಾಸಿಗೆಯು ಭೂಮಿಯೇ ಆಗಿದೆ. ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ ಕಬ್ಬಿಣದ ಅದಿರಿನ ಪದರಗಳು ಹಾಯ್ದುಹೋಗಿವೆ. ಇಂಗಳದಾಳಿನಲ್ಲಿ ತಾಮ್ರದ ಅದಿರುಂಟು. ಹಿರಿಯೂರಿನತ್ತ ಮರಡಿಹಳ್ಳಿಯಲ್ಲಿ, ಸಮುದ್ರತಳದಲ್ಲಿ ಹೆಪ್ಪುಗಟ್ಟಿದ ದಿಂಬುರೂಪದ ಲಾವಾಶಿಲೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿ ನಿಂತಿವೆ. ಕಬ್ಬಿಣವನ್ನು ಕರಗಿಸಿದ ಎಡೆಗಳಲ್ಲಿ ಉಳಿದ ಕಿಟ್ಟವೂ ಯಂತ್ರವನ್ನು ವಂಚಿಸುತ್ತದೆ. ಕೆಮ್ಮಣ್ಣಿನ ಗುಡ್ಡದಲ್ಲಿ ಒಂದು ಬಗೆಯ ಸದ್ದು, ಮಳೆಗೆ ನೆನೆದ ಎರೆಮಣ್ಣಿನಲ್ಲಿ ಇನ್ನೊಂದು ಬಗೆಯ ಸದ್ದು. ಎರಡರಲ್ಲಿಯೂ ಒಂದೇ ಅಂಕಿಯನ್ನು ನಿರೀಕ್ಷಿಸುವವನು ನಿರಾಶನಾಗಬೇಕು.

ಆದುದರಿಂದ ಎರಡು ಯಂತ್ರಗಳನ್ನು ನ್ಯಾಯವಾಗಿ ತೂಗಬೇಕೆನ್ನುವವನು ಗಾಳಿಯಲ್ಲಿ ನಾಣ್ಯವನ್ನು ಆಡಿಸಿ ನೋಡಿ ತೃಪ್ತನಾಗಲಾಗದು. ಅದು ಯಂತ್ರದ ಸಾಮರ್ಥ್ಯದ ಮೇಲ್ಮಿತಿಯನ್ನು ತೋರಿಸುವುದೇ ಹೊರತು ನೆಲದೊಳಗಿನ ನಡತೆಯನ್ನಲ್ಲ. ಲೋಹಚೂರುಗಳಿಲ್ಲದ ಸ್ವಂತ ಹೊಲದ ಒಂದು ತುಂಡನ್ನು ಆರಿಸಿ, ಗಾತ್ರ, ಲೋಹ, ಮಗ್ಗುಲು ತಿಳಿದ ಗುರಿಗಳನ್ನು ಅಳೆದ ಆಳಗಳಲ್ಲಿ ಹೂಳಿ, ಎಲ್ಲಿ ಏನಿದೆಯೆಂಬುದನ್ನು ಪರೀಕ್ಷಕನಿಗೆ ತಿಳಿಸದೆ, ಗುರಿಯಿಲ್ಲದ ಖಾಲಿ ಗುಳಿಗಳನ್ನೂ ನಡುನಡುವೆ ಇರಿಸಿ, ಒಂದೇ ಎತ್ತರದಲ್ಲಿ ಒಂದೇ ವೇಗದಲ್ಲಿ ಸುರುಳಿಯನ್ನಾಡಿಸಿ, ಕಂಡದ್ದನ್ನೂ ಸುಳ್ಳು ಸದ್ದನ್ನೂ ಸಮಾನವಾಗಿ ದಾಖಲಿಸಬೇಕು. ನಾಣ್ಯ ಮಲಗಿದ್ದರೆ ಸದ್ದು ಬಲವಾಗಿಯೂ, ಅಂಚಿನ ಮೇಲೆ ನಿಂತಿದ್ದರೆ ದುರ್ಬಲವಾಗಿಯೂ ಬರುವುದರಿಂದ ಮಗ್ಗುಲೂ ಬರಹದಲ್ಲಿರಬೇಕು. ನೆಲಬಾಂಬುಗಳ ನಿವಾರಣೆಗೆ ಬಳಸುವ ಶೋಧಕಗಳಿಗಾಗಿ 2003ರಲ್ಲಿ ಯುರೋಪಿನ ಮಾನಕ ಸಂಸ್ಥೆಯು ಪ್ರಕಟಿಸಿದ ಪರೀಕ್ಷಾಪದ್ಧತಿಯು ಇಂತಹ ಶಿಸ್ತನ್ನೇ ಬಯಸುತ್ತದೆ. ಏಕೆಂದರೆ ಅಲ್ಲಿ ತಪ್ಪಿದ ಸದ್ದೊಂದರ ಬೆಲೆ ಮನುಷ್ಯಪ್ರಾಣ.

ಆದರೆ ನಮ್ಮ ನಾಡಿನಲ್ಲಿ ಈ ಯಂತ್ರದ ಆಳವನ್ನು ಕುರಿತು ಬಹುಜನ ಕೇಳುವುದು ನಿಧಿಯಾಸೆಯಿಂದ. ಕೋಟೆಯ ಬುಡ, ದೇಗುಲದ ಗರ್ಭಗೃಹ, ಹಾಳೂರಿನ ದಿಬ್ಬ ಇವುಗಳನ್ನು ಅಗೆದು ಹಾಳುಮಾಡುವ ನಿಧಿಗಳ್ಳರ ಕಾರ್ಯವನ್ನು ನೆನೆದರೆ ಮನಸ್ಸು ನೋಯುತ್ತದೆ. ದುರ್ಗದ ಬೆಟ್ಟದಡಿಯ ಪುರಾತನ ನೆಲೆಯಾದ ಚಂದ್ರವಳ್ಳಿಯನ್ನು ನೋಡಿರಿ. ಅಲ್ಲಿ ಪುರಾತತ್ತ್ವಜ್ಞ ಡಾ. ಎಂ. ಎಚ್. ಕೃಷ್ಣರು ಅಗೆಸಿದರು, 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರರು ಅಲ್ಲಿಯೂ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿಯೂ ಪದರಪದರವಾಗಿ ಶೋಧಿಸಿದರು. ಶಾತವಾಹನರ ಸೀಸದ ನಾಣ್ಯಗಳೂ ರೋಮಿನ ಬೆಳ್ಳಿಯ ನಾಣ್ಯಗಳೂ ಚಂದ್ರವಳ್ಳಿಯಲ್ಲಿ ದೊರೆತುವು. ಆ ನಾಣ್ಯಗಳ ಲೋಹದ ಬೆಲೆ ಅತ್ಯಲ್ಪ. ಆದರೆ ಅವು ಯಾವ ಪದರದಲ್ಲಿ, ಯಾವ ಮಡಕೆಚೂರಿನ ಸಂಗಡ ಬಿದ್ದಿದ್ದುವೆಂಬುದರಿಂದ ದಕ್ಷಿಣ ಭಾರತದ ಇತಿಹಾಸದ ಕಾಲಗಣನೆಗೆ ಆಧಾರವು ದೊರೆಯಿತು. ಅದೇ ನಾಣ್ಯವನ್ನು ಯಂತ್ರದ ಸದ್ದನ್ನನುಸರಿಸಿ ಹಾರೆಯಿಂದ ಎತ್ತಿ ತೆಗೆದಿದ್ದರೆ, ಲೋಹವು ಕೈಗೆ ಬಂದು ಇತಿಹಾಸವು ಕೈತಪ್ಪಿಹೋಗುತ್ತಿತ್ತು.

ಚಿತ್ರದುರ್ಗದ ಕೋಟೆಯು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ; ಇಂತಹ ಸಂರಕ್ಷಿತ ಸ್ಥಳದಲ್ಲಿ ಅನುಮತಿಯಿಲ್ಲದೆ ಅಗೆಯುವುದನ್ನು 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯು ನಿಷೇಧಿಸುತ್ತದೆ. ಅಂತೆಯೇ ಬೇರೆಡೆ ನಿಧಿ ಸಿಕ್ಕಿದವನು ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬುದು ಕಾನೂನಿನ ವಿಧಿ. ಯಂತ್ರವನ್ನು ಅದರ ಮಿತಿಯೊಡನೆ ಅರಿತ ತರುಣರು ತಮ್ಮ ಹೊಲದಲ್ಲಿ ಪರೀಕ್ಷೆ ನಡೆಸಿ ಫಲಿತಾಂಶವನ್ನು ಬರೆದಿಡಲಿ. ಪುರಾತನ ಸ್ಥಳದಲ್ಲಿ ಏನಾದರೂ ಕಂಡರೆ ಕೈಹಚ್ಚದೆ ಇಲಾಖೆಗೆ ಸುದ್ದಿ ಮುಟ್ಟಿಸಲಿ. ಆಗ ಆಳವನ್ನಳೆಯುವ ವಿದ್ಯೆಯು, ಆ ಆಳದಲ್ಲಿ ಇರತಕ್ಕುದನ್ನು ಕಾಯುವ ವಿದ್ಯೆಯೂ ಆದೀತು.