ಪ್ರಾಥಮಿಕ ಶಾಲೆಯ ಆಡಳಿತದಲ್ಲಿ ಸ್ವಯಂಸೇವಕ ಸದಸ್ಯರ ಹೊಣೆ

ಮುಂಬಯಿಯ ಕನ್ನಡ ಶಾಲೆಗಳ ಇತಿಹಾಸವನ್ನು ಹೇಳುವಾಗ ನಾವು ಶಿಕ್ಷಕರನ್ನು ಸ್ಮರಿಸುತ್ತೇವೆ, ದಾನಿಗಳನ್ನು ಕೊಂಡಾಡುತ್ತೇವೆ, ಉನ್ನತ ಸ್ಥಾನಕ್ಕೇರಿದ ಹಳೆ ವಿದ್ಯಾರ್ಥಿಗಳನ್ನು ಸನ್ಮಾನಿಸುತ್ತೇವೆ. ಸಂಬಳವಿಲ್ಲದೆ, ದುಡಿಮೆಯ ಬಿಡುವಿನಲ್ಲಿ ಶಾಲೆಯ ಲೆಕ್ಕಪತ್ರ, ಕಟ್ಟಡ ಮತ್ತು ಮಕ್ಕಳ ದಾಖಲಾತಿಗಳನ್ನು ನೋಡಿಕೊಂಡ ಸಮಿತಿ ಸದಸ್ಯರ ಹೆಸರು ಮಾತ್ರ ನೆನಪಿನ ಸಂಚಿಕೆಯ ಕೊನೆಯ ಪುಟಕ್ಕೆ ಸೀಮಿತವಾಗುತ್ತದೆ. ಹಗಲು ಹೋಟೆಲುಗಳಲ್ಲಿ ದುಡಿಯುತ್ತಿದ್ದ ಊರಿನ ಹುಡುಗರಿಗಾಗಿ ಈ ನಗರದಲ್ಲಿ ಕನ್ನಡ ರಾತ್ರಿಶಾಲೆಗಳು ತೆರೆದುಕೊಂಡು ಬಾಳಿದ್ದರ ಹಿಂದೆ ಇಂಥವರ ಶ್ರಮವೂ ಇದೆ. ಶಾಲಾ ಸಮಿತಿಯ ಸದಸ್ಯನ ನಿಜವಾದ ಕೆಲಸವೇನು, ಅದರ ಮಿತಿಯೆಲ್ಲಿ ಎಂಬುದನ್ನು ಅರಿಯುವುದು ಇಂದು ಅಗತ್ಯವಾಗಿದೆ.

ಮಹಾನಗರದಲ್ಲಿ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳು ಎರಡು ಬಗೆಯವು. ಒಂದು, ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗು ಮುಂತಾದ ಮಾಧ್ಯಮಗಳ ಜೊತೆಗೆ ಬೃಹನ್ಮುಂಬಯಿ ಮಹಾನಗರಪಾಲಿಕೆಯೇ ನಡೆಸುತ್ತ ಬಂದಿರುವ ಶಾಲೆಗಳು. ಇನ್ನೊಂದು, ನಮ್ಮ ಸಂಘ-ಸಂಸ್ಥೆಗಳು ಕಟ್ಟಿ ಬೆಳೆಸಿದವು. ಎರಡರಲ್ಲೂ ಸ್ವಯಂಸೇವಕರಿಗೆ ಸ್ಥಾನವಿದೆ. ಆದರೆ ಆ ಸ್ಥಾನದ ಸ್ವರೂಪ ಬೇರೆ.

ಪಾಲಿಕೆಯ ಶಾಲೆಗಳಿಗೆ ಸಂಬಂಧಿಸಿದಂತೆ, 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 21ನೇ ಕಲಮು ಶಾಲಾ ವ್ಯವಸ್ಥಾಪನ ಸಮಿತಿಯನ್ನು ಕಡ್ಡಾಯಗೊಳಿಸಿದೆ. ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಆ ಶಾಲೆಯ ಮಕ್ಕಳ ಪಾಲಕರಾಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ದುರ್ಬಲ ವರ್ಗಗಳ ಪಾಲಕರಿಗೆ ಅವರ ಮಕ್ಕಳ ಸಂಖ್ಯೆಗೆ ಅನುಗುಣವಾದ ಪ್ರಾತಿನಿಧ್ಯ ಸಲ್ಲಬೇಕು. ಕೇಂದ್ರದ 2010ರ ಮಾದರಿ ನಿಯಮಗಳಂತೆ ಅಧ್ಯಕ್ಷ, ಉಪಾಧ್ಯಕ್ಷರನ್ನು ಪಾಲಕರೊಳಗಿಂದಲೇ ಆರಿಸಬೇಕು, ಸಭೆ ತಿಂಗಳಿಗೊಮ್ಮೆಯಾದರೂ ನಡೆಯಬೇಕು, ನಡಾವಳಿ ಸಾರ್ವಜನಿಕರಿಗೆ ಲಭ್ಯವಿರಬೇಕು. ಮನೆಗೆಲಸ ಮಾಡಿ ಬದುಕುವ ತಾಯಿಯೊಬ್ಬಳು ಮುಖ್ಯೋಪಾಧ್ಯಾಯರ ಎದುರು ಕುಳಿತು ಶಾಲೆಯ ಖರ್ಚಿನ ವಿವರ ಕೇಳುವ ಅಧಿಕಾರವನ್ನು ಈ ಕಾನೂನು ನೀಡಿದೆ. ಇದು ಸಾಮಾನ್ಯ ಸಂಗತಿಯಲ್ಲ.

ಸಮಿತಿಗೆ ಕಾಯಿದೆ ವಹಿಸಿರುವ ಮುಖ್ಯ ಕೆಲಸಗಳು ಮೂರು: ಶಾಲೆಯ ಕಾರ್ಯವೈಖರಿಯ ಮೇಲೆ ನಿಗಾ ಇಡುವುದು, ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಿ ಶಿಫಾರಸು ಮಾಡುವುದು, ಸರಕಾರದಿಂದಲೋ ಇತರ ಮೂಲಗಳಿಂದಲೋ ಬಂದ ಹಣದ ವಿನಿಯೋಗವನ್ನು ಗಮನಿಸುವುದು. ಮಾದರಿ ನಿಯಮಗಳ ಪ್ರಕಾರ ಈ ಯೋಜನೆ ಮೂರು ವರ್ಷಗಳದ್ದು. ಪ್ರತಿ ವರ್ಷ ಪ್ರತಿ ತರಗತಿಗೆ ಎಷ್ಟು ಮಕ್ಕಳು ಬರಬಹುದು, ಎಷ್ಟು ಶಿಕ್ಷಕರು ಬೇಕು, ಯಾವ ಸೌಕರ್ಯ ಬೇಕು, ಎಷ್ಟು ಹಣ ಬೇಕು ಎಂಬ ಅಂದಾಜು ಅದರಲ್ಲಿರಬೇಕು.

ಮಕ್ಕಳ ಸಂಖ್ಯೆಯ ಅಂದಾಜು ಕನ್ನಡ ಶಾಲೆಗೆ ಅಳಿವು-ಉಳಿವಿನ ಪ್ರಶ್ನೆ. ಕಾಯಿದೆಯ ಅನುಸೂಚಿಯಂತೆ ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು. ಅಂದರೆ 61ನೆಯ ಮಗು ಶಾಲೆ ಬಿಟ್ಟರೆ ಒಂದು ಶಿಕ್ಷಕ ಹುದ್ದೆಗೆ ಆಧಾರವೇ ತಪ್ಪುತ್ತದೆ. ಇಬ್ಬರೇ ಶಿಕ್ಷಕರು ಐದು ತರಗತಿಗಳನ್ನು ನಿಭಾಯಿಸುವ ಶಾಲೆಗೆ ಮಕ್ಕಳನ್ನು ಕಳುಹಿಸಲು ಪಾಲಕರು ಹಿಂಜರಿಯುತ್ತಾರೆ. ಸಂಖ್ಯೆ ಮತ್ತಷ್ಟು ಕುಸಿಯುತ್ತದೆ. ಶಾಲೆ ಮುಚ್ಚಿತೆಂಬ ಸುದ್ದಿ ಒಂದು ದಿನ ಬರುತ್ತದೆ, ಆದರೆ ಅದು ಮುಚ್ಚತೊಡಗಿದ್ದು ಹಲವು ವರ್ಷಗಳ ಹಿಂದೆ, ಯಾರೂ ಎಣಿಸದೆ ಬಿಟ್ಟ ದಾಖಲಾತಿ ಪುಸ್ತಕದಲ್ಲಿ.

ಸಂಘ-ಸಂಸ್ಥೆಗಳ ಶಾಲೆಗಳ ವಿಚಾರ ಬೇರೆ. ಸಂವಿಧಾನದ 30ನೇ ವಿಧಿ ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನಿರ್ಧರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಹೇಳಿದ್ದರಿಂದ ಮಹಾರಾಷ್ಟ್ರದ ಕನ್ನಡಿಗರು ಈ ಹಕ್ಕಿಗೆ ಬಾಧ್ಯರು. ಇಂಥ ಶಾಲೆಗಳಲ್ಲಿ ವ್ಯವಸ್ಥಾಪನ ಸಮಿತಿ ಕೇವಲ ಸಲಹೆ ನೀಡಬಹುದೆಂದು 2012ರ ತಿದ್ದುಪಡಿ ಹೇಳಿತು; ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯಿದೆಯೇ ಅನ್ವಯಿಸದೆಂದು 2014ರಲ್ಲಿ ಸಂವಿಧಾನ ಪೀಠ ತೀರ್ಪಿತ್ತಿತು. ಆ ತೀರ್ಪಿನ ಮರುಪರಿಶೀಲನೆ ಅಗತ್ಯವೆಂದು 2025ರಲ್ಲಿ ದ್ವಿಸದಸ್ಯ ಪೀಠವೊಂದು ಅಭಿಪ್ರಾಯಪಟ್ಟಿತು.

ಈ ಸ್ವಾತಂತ್ರ್ಯ ಹೊಣೆಯನ್ನು ಹಗುರಗೊಳಿಸುವುದಿಲ್ಲ, ಹೆಚ್ಚಿಸುತ್ತದೆ. ಹೊರಗಿನವರು ಕೇಳದ ಪ್ರಶ್ನೆಗಳನ್ನು ಒಳಗಿನವರೇ ಕೇಳಬೇಕಾಗುತ್ತದೆ. 1950ರ ಸಾರ್ವಜನಿಕ ನ್ಯಾಸ ಕಾಯಿದೆಯಡಿ ನೋಂದಾಯಿತವಾದ ಸಂಸ್ಥೆಗಳು ಲೆಕ್ಕಪರಿಶೋಧನೆ ಮಾಡಿಸಲೇಬೇಕು. ಆದರೆ ಲೆಕ್ಕ ಸರಿಯಿದ್ದ ಮಾತ್ರಕ್ಕೆ ಶಾಲೆ ಸರಿಯಿದೆ ಎನ್ನಲಾಗದು. ವಾರ್ಷಿಕ ಮಹಾಸಭೆಯಲ್ಲಿ ಆಯವ್ಯಯ ಪಟ್ಟಿಗೆ ಅನುಮೋದನೆ ದೊರೆತು ಉಪಾಹಾರಕ್ಕೆ ಏಳುವ ಮುನ್ನ ಕೇಳಲೇಬೇಕಾದ ಪ್ರಶ್ನೆಗಳಿವೆ: ಮೂರನೇ ತರಗತಿಯ ಮಗು ಪಾಠವನ್ನು ತಡವರಿಸದೆ ಓದಬಲ್ಲದೇ? ಈ ವರ್ಷ ಬಿಟ್ಟುಹೋದ ಮಕ್ಕಳು ಎಷ್ಟು, ಏಕೆ? ಹೆಣ್ಣುಮಕ್ಕಳ ಶೌಚಾಲಯ ಬಳಕೆಗೆ ಯೋಗ್ಯವಾಗಿದೆಯೇ? ನಿವೃತ್ತರಾದ ಶಿಕ್ಷಕರ ಸ್ಥಾನಕ್ಕೆ ಯಾರು ಬಂದರು?

ಪ್ರಶ್ನಿಸುವುದೆಂದರೆ ಮೂಗು ತೂರಿಸುವುದಲ್ಲ. ಶಾಲೆ ಯಾವ ದಿಕ್ಕಿಗೆ ಸಾಗಬೇಕು, ಹಣ ಎಲ್ಲಿಂದ ಬರಬೇಕು ಎಂಬುದು ಸಮಿತಿಯ ವಿಷಯ. ತರಗತಿಯಲ್ಲಿ ಪಾಠ ಹೇಗೆ ನಡೆಯಬೇಕು, ವೇಳಾಪಟ್ಟಿ ಹೇಗಿರಬೇಕು ಎಂಬುದು ಮುಖ್ಯೋಪಾಧ್ಯಾಯರ ಮತ್ತು ಶಿಕ್ಷಕರ ವಿಷಯ. ತನ್ನ ಪರಿಚಯದವರ ಮಗುವಿಗೆ ರಿಯಾಯಿತಿ ಕೇಳುವ ಸದಸ್ಯ, ತರಗತಿಗೆ ನುಗ್ಗಿ ಶಿಕ್ಷಕಿಯನ್ನು ತರಾಟೆಗೆ ತೆಗೆದುಕೊಳ್ಳುವ ಸದಸ್ಯ, ವಾರ್ಷಿಕೋತ್ಸವದ ವೇದಿಕೆಯಲ್ಲಿ ಮಾತ್ರ ಕಾಣಿಸಿಕೊಳ್ಳುವ ಸದಸ್ಯ, ಈ ಮೂವರಿಂದಲೂ ಶಾಲೆಗೆ ಹಾನಿಯೇ. ಸಮಿತಿಯ ಬಲ ಇರುವುದು ಒಬ್ಬೊಬ್ಬ ಸದಸ್ಯನ ಅಧಿಕಾರದಲ್ಲಲ್ಲ; ಸಭೆಯಲ್ಲಿ ಚರ್ಚಿಸಿ, ನಡಾವಳಿಯಲ್ಲಿ ಬರೆದು, ಮುಂದಿನ ಸಭೆಯಲ್ಲಿ ಏನಾಯಿತೆಂದು ವಿಚಾರಿಸುವ ಶಿಸ್ತಿನಲ್ಲಿ.

ನಗರದಲ್ಲಿ ನೆಲೆನಿಂತ ನಮ್ಮ ಅನೇಕ ಕುಟುಂಬಗಳ ಮಕ್ಕಳು ಇಂದು ಆಂಗ್ಲ ಮಾಧ್ಯಮದಲ್ಲಿ ಕಲಿಯುತ್ತಾರೆ. ಅದು ಅವರವರ ಆಯ್ಕೆ. ಆದರೆ ನಮ್ಮ ಹಿರಿಯರು ಕಟ್ಟಿದ ಶಾಲೆಗಳಲ್ಲಿ ಇಂದು ಓದುತ್ತಿರುವವರಲ್ಲಿ ದುಡಿಮೆಗಾಗಿ ಇತ್ತೀಚೆಗೆ ವಲಸೆ ಬಂದವರ ಮಕ್ಕಳಿದ್ದಾರೆ. ಅವರ ಪಾಲಕರಿಗೆ ಬಿಡುವು ಕಡಿಮೆ, ಕಚೇರಿಗಳ ಪರಿಚಯವೂ ಕಡಿಮೆ. ಬ್ಯಾಂಕಿನಿಂದ ನಿವೃತ್ತರಾದವರು ಲೆಕ್ಕ ನೋಡಬಹುದು, ಎಂಜಿನಿಯರರು ಕಟ್ಟಡದ ಬಿರುಕನ್ನು ಪರಿಶೀಲಿಸಬಹುದು, ಬಲ್ಲವರು ಪಾಲಿಕೆಗೆ ಮರಾಠಿಯಲ್ಲಿ ಅರ್ಜಿ ಬರೆದುಕೊಡಬಹುದು. ಪಾಲಿಕೆಯ ಶಾಲೆಯಲ್ಲಿ ಅಧ್ಯಕ್ಷತೆ ಪಾಲಕರದ್ದೇ. ನಾವು ಅವರ ಪಕ್ಕದಲ್ಲಿ ನಿಲ್ಲಬೇಕಾದವರು. ಸಂಘದ ಶಾಲೆಯಲ್ಲಾದರೆ ಮುಂದಿನ ಮಹಾಸಭೆಗೆ ಮುನ್ನ ಶಾಲೆಗೊಮ್ಮೆ ಹೋಗಿ, ದಾಖಲಾತಿ ಪುಸ್ತಕವನ್ನು ನೋಡಿ ಬರುವುದು ಪ್ರತಿಯೊಬ್ಬ ಸದಸ್ಯನ ಮೊದಲ ಕರ್ತವ್ಯ.