ನಜ್ಜುಗುಜ್ಜಾಗುವ ಕೊಳವೆಯ ಉಪಕಾರ

ಮುಂಗಾರಿನ ನಡುವಿನ ದಿನಗಳಲ್ಲಿ ಮೂಡಿಗೆರೆಯಿಂದ ಹೊರಟು, ಕೊಟ್ಟಿಗೆಹಾರವನ್ನು ದಾಟಿ, ಚಾರ್ಮಾಡಿ ಘಾಟಿಯನ್ನು ಇಳಿಯುವವರಿಗೆ ಹತ್ತು ಮಾರು ಮುಂದಿನ ದಾರಿ ಕಾಣುವುದಿಲ್ಲ. ಒಂದು ಕಡೆ ನೀರು ಜಿನುಗುವ ಬಂಡೆ; ಇನ್ನೊಂದು ಕಡೆ ಮಂಜು ತುಂಬಿದ ಕಣಿವೆ. ತಿರುವಿನಲ್ಲಿ ಎದುರಿನಿಂದ ಎರಡು ದೀಪಗಳು ಹಠಾತ್ತನೆ ಮೂಡಿದರೆ ಚಾಲಕನಿಗೆ ಉಳಿಯುವುದು ಒಂದೆರಡು ಕ್ಷಣ ಮಾತ್ರ. ಬ್ರೇಕು ಹಿಡಿಯಿತೋ, ಬದುಕಿದರು. ಹಿಡಿಯದಿದ್ದರೆ? ಮುಂದಿನದೆಲ್ಲ ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ಮುಗಿದುಹೋಗುತ್ತದೆ. ಆಗ ಚಾಲಕನ ಚಾತುರ್ಯಕ್ಕೆ ಕೆಲಸವಿಲ್ಲ. ಬಂಪರಿನ ಹಿಂದೆ ಯಾರ ಕಣ್ಣಿಗೂ ಬೀಳದೆ ಕುಳಿತಿರುವ, ತೆಳು ಗೋಡೆಯ ಎರಡು ಲೋಹದ ಕೊಳವೆಗಳ ಸರದಿ ಅದು.

ಕಾಫಿ ಸೀಮೆಯ ಹಿರಿಯರಲ್ಲಿ ಒಂದು ದೂರು ವಾಡಿಕೆಯಾಗಿದೆ. ಹಿಂದಿನ ಜೀಪುಗಳು ಗಟ್ಟಿಮುಟ್ಟಾಗಿದ್ದವು, ಮರಕ್ಕೆ ಗುದ್ದಿದರೂ ಬಂಪರು ಡೊಂಕಾಗುತ್ತಿರಲಿಲ್ಲ. ಇಂದಿನ ಕಾರುಗಳೋ ಬರಿಯ ತಗಡು, ಮುಟ್ಟಿದರೆ ಮುದುಡುತ್ತವೆ ಎಂದು. ಕಣ್ಣಿಗೆ ಕಾಣುವಷ್ಟರ ಮಟ್ಟಿಗೆ ಈ ಮಾತು ಸುಳ್ಳಲ್ಲ. ಆದರೆ ಜೀಪಿಗೆ ಏನೂ ಆಗದಿದ್ದಾಗ ಅದರೊಳಗೆ ಕುಳಿತವನಿಗೆ ಏನಾಯಿತು ಎಂಬ ಪ್ರಶ್ನೆಯನ್ನು ಈ ದೂರು ಕೇಳುವುದಿಲ್ಲ.

ಲೆಕ್ಕ ಸರಳವಾದದ್ದು. ಒಂದು ಸಾವಿರ ಕಿಲೋ ತೂಕದ ಕಾರು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಎನ್ನೋಣ. ಅದರಲ್ಲಿ ಅಡಗಿರುವ ಚಲನೆಯ ಶಕ್ತಿ, ಅದೇ ಕಾರನ್ನು 5 ಮೀಟರ್ ಎತ್ತರದಿಂದ ಕೆಳಕ್ಕೆ ಕೆಡವಿದಷ್ಟು. ವೇಗ ಇಮ್ಮಡಿಯಾಗಿ 72 ಕಿಲೋಮೀಟರ್ ಆದರೆ ಶಕ್ತಿ ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ: 20 ಮೀಟರ್ ಎತ್ತರದಿಂದ, ಎಂದರೆ ತೋಟದ ಬೆಳೆದ ಸಿಲ್ವರ್ ಓಕ್ ಮರದ ತುದಿಯಿಂದ, ಬಿದ್ದಂತೆ. ಕಾರು ನಿಲ್ಲಬೇಕಾದರೆ ಈ ಶಕ್ತಿ ಎಲ್ಲಿಯಾದರೂ ಹೋಗಲೇಬೇಕು. ಮೊದಲಿನ ವೇಗದಲ್ಲಿಯೇ ಕಾರಿನ ಮೂತಿ 50 ಸೆಂಟಿಮೀಟರ್ ಕುಗ್ಗುತ್ತ ನಿಂತರೆ, ಅದರ ಮೇಲೆ ಬೀಳುವ ಸರಾಸರಿ ಬಲ ಸುಮಾರು 10 ಟನ್. ಏನೂ ಕುಗ್ಗದ ‘ಗಟ್ಟಿ’ ಗಾಡಿ 5 ಸೆಂಟಿಮೀಟರಿನೊಳಗೆ ನಿಂತರೆ ಬಲ 100 ಟನ್ನಿಗೆ ಏರುತ್ತದೆ. ಗಾಡಿ ತಡೆದುಕೊಳ್ಳಬಹುದು, ಮನುಷ್ಯನ ಮಿದುಳು, ಗುಂಡಿಗೆ, ಪಕ್ಕೆಲುಬುಗಳು ತಡೆದುಕೊಳ್ಳಲಾರವು.

ಹಾಗಾದರೆ ಮೂತಿಯಲ್ಲಿ ಒಂದು ದಪ್ಪ ಸ್ಪ್ರಿಂಗನ್ನು ಇಟ್ಟರಾಗದೆ? ಆಗದು. ಸ್ಪ್ರಿಂಗು ಸಾಲಗಾರನಂತಲ್ಲ, ಕೊಂಡದ್ದನ್ನೆಲ್ಲ ಕೂಡಲೇ ಹಿಂದಕ್ಕೆ ಕೊಟ್ಟುಬಿಡುತ್ತದೆ. ಕಾರು ಹಿಂದಕ್ಕೆ ಚಿಮ್ಮಿ ಹೋಗುತ್ತದೆ. ಬೇಕಾದದ್ದು ಶಕ್ತಿಯನ್ನು ನುಂಗಿ ಮರಳಿಸದ ವಸ್ತು. ತಂತಿಯೊಂದನ್ನು ಹಿಂದೆ ಮುಂದೆ ನಾಲ್ಕಾರು ಬಾರಿ ಬಗ್ಗಿಸಿ ಆ ಜಾಗವನ್ನು ಮುಟ್ಟಿ ನೋಡಿದವರಿಗೆ ಉತ್ತರ ಗೊತ್ತಿದೆ: ಅದು ಬಿಸಿಯಾಗಿರುತ್ತದೆ. ಲೋಹವನ್ನು ಮರಳಿ ನೆಟ್ಟಗಾಗದಷ್ಟು ಬಗ್ಗಿಸಿದಾಗ, ಬಗ್ಗಿಸಿದ ಶ್ರಮವೆಲ್ಲ ಶಾಖವಾಗಿ ಕಳೆದುಹೋಗುತ್ತದೆ. ಇನ್ನು ಉಳಿದದ್ದು, ಸ್ವಲ್ಪವೇ ಲೋಹದಲ್ಲಿ ಆದಷ್ಟು ಹೆಚ್ಚು ಬಗ್ಗುವಿಕೆಯನ್ನು ತುಂಬುವ ಉಪಾಯ. ಆ ಉಪಾಯವೇ ತೆಳು ಕೊಳವೆ.

ಇದರ ಮರ್ಮವನ್ನು ಕಾಫಿ ತೋಟದಲ್ಲಿಯೇ ಕಾಣಬಹುದು. ಹೂಮಳೆ ಬಾರದ ವರ್ಷ ತೋಟಗಾರರು ತುಂತುರು ನೀರಾವರಿಗಾಗಿ ಅಲ್ಯುಮಿನಿಯಂ ಪೈಪುಗಳನ್ನು ಸಾಲು ಹಿಡಿದು ಜೋಡಿಸುತ್ತಾರೆ. ಅಂಥ ಪೈಪಿನ ಮೇಲೆ ಟ್ರ್ಯಾಕ್ಟರಿನ ಚಕ್ರ ಹರಿದರೆ ಅದು ಸದ್ದಿಲ್ಲದೆ ಚಪ್ಪಟೆಯಾಗುತ್ತದೆ. ನಾಲ್ಕು ಗೆರೆಗಳ ಉದ್ದಕ್ಕೆ ಮಾತ್ರ ಲೋಹ ಬಗ್ಗಿರುತ್ತದೆ, ಉಳಿದ ಭಾಗ ದುಡಿಯುವುದೇ ಇಲ್ಲ. ಅದೇ ಪೈಪಿನ ಗೇಣುದ್ದದ ತುಂಡನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿದರೆ ಕಥೆಯೇ ಬೇರೆ. ಮೊದಲು ಅದು ಜಗ್ಗುವುದಿಲ್ಲ. ಬಲ ಒಂದು ಮಿತಿಯನ್ನು ಮೀರಿದೊಡನೆ ತುದಿಯಲ್ಲಿ ಒಂದು ಬಳೆಯಾಕಾರದ ಮಡಿಕೆ ಉಬ್ಬಿ ಕುಳಿತುಕೊಳ್ಳುತ್ತದೆ. ಅದರ ಕೆಳಗೆ ಮತ್ತೊಂದು, ಇನ್ನೊಂದು. ಹಾರ್ಮೋನಿಯಮ್ಮಿನ ತಿದಿಯಂತೆ, ಸೀರೆಯ ನೆರಿಗೆಯಂತೆ, ಕೊಳವೆ ತನ್ನ ಮೇಲೆಯೇ ಮಡಿದುಕೊಳ್ಳುತ್ತ ಇಳಿಯುತ್ತದೆ. ಲೋಹದ ಬಹುಪಾಲು ಕಣವೂ ಬಗ್ಗುವುದರಲ್ಲಿ ಇಲ್ಲವೆ ಹಿಗ್ಗುವುದರಲ್ಲಿ ಪಾಲ್ಗೊಳ್ಳುತ್ತದೆ. ಬಲವೂ ಒಂದೇ ಸಮನಾದ ಮಟ್ಟದ ಸುತ್ತ ಸ್ವಲ್ಪ ಏರುತ್ತ ಸ್ವಲ್ಪ ಇಳಿಯುತ್ತ ಕೊನೆಯವರೆಗೂ ಸಾಗುತ್ತದೆ. ಕುಳಿತವರ ಮೈಗೆ ಹಿತವಾದದ್ದು ಇದೇ.

ಈ ಮಡಿಕೆಗಳನ್ನು ಲೆಕ್ಕಕ್ಕೆ ಇಳಿಸಿದವರು ಇಂಗ್ಲೆಂಡಿನ ಎಂಜಿನಿಯರುಗಳು. 1960ರಲ್ಲಿ ಜೆ. ಎಂ. ಅಲೆಕ್ಸಾಂಡರ್ ಎಂಬವರು ಬಳೆ ಮಡಿಕೆಯ ಸರಾಸರಿ ಬಲವನ್ನು ಹೇಳುವ ಚಿಕ್ಕದೊಂದು ಸೂತ್ರವನ್ನು ಪ್ರಕಟಿಸಿದರು. ಅದೇ ವರ್ಷ ಪಗ್ಸ್ಲಿ ಮತ್ತು ಮೆಕಾಲೆ ಇಬ್ಬರೂ ಸೇರಿ, ಇನ್ನೂ ತೆಳುವಾದ ಕೊಳವೆಗಳು ಬಳೆಯಾಗದೆ ವಜ್ರದ ಮುಖಗಳಂತೆ ಮೂಲೆ ಮೂಲೆಯಾಗಿ ಮುದುಡುವ ಪರಿಯನ್ನು ವಿವರಿಸಿದರು. ಅಲೆಕ್ಸಾಂಡರರ ಸೂತ್ರದಲ್ಲಿ ಒಂದು ಸ್ವಾರಸ್ಯವಿದೆ. ಕೊಳವೆಯ ಸುತ್ತಳತೆಯನ್ನು ಇಮ್ಮಡಿ ಮಾಡಿದರೆ ಬಲ ಹೆಚ್ಚುವುದು ಒಂದೂವರೆ ಪಾಲಿಗಿಂತ ಕಡಿಮೆ; ಗೋಡೆಯ ದಪ್ಪವನ್ನು ಇಮ್ಮಡಿ ಮಾಡಿದರೆ ಸುಮಾರು ಎರಡು ಮುಕ್ಕಾಲು ಪಾಲಿಗೆ ಏರುತ್ತದೆ. ಕೂದಲೆಳೆಯಷ್ಟು ದಪ್ಪ ಹೆಚ್ಚಾದರೂ ಎಂಜಿನಿಯರು ತಲೆ ಕೆಡಿಸಿಕೊಳ್ಳುವುದು ಇದಕ್ಕಾಗಿಯೇ. ಕೊಳವೆ ತೀರ ಉದ್ದವಾದರೆ ಇನ್ನೊಂದು ವಿಪತ್ತು: ಮಡಿಕೆ ಬೀಳುವ ಬದಲು ನಡುವಿನಲ್ಲಿ ಬೆತ್ತದಂತೆ ಬಾಗಿ, ಏನನ್ನೂ ನುಂಗದೆ ಪಕ್ಕಕ್ಕೆ ಸರಿದುಬಿಡುತ್ತದೆ. ಆದುದರಿಂದ ತುದಿಯಲ್ಲಿ ಬೇಕೆಂದೇ ಒಂದು ಸಣ್ಣ ತಗ್ಗನ್ನು ಒತ್ತಿರುತ್ತಾರೆ. ಮೊದಲ ಮಡಿಕೆ ಅಲ್ಲಿಯೇ ಬೀಳಲಿ, ಮೊದಲ ಹೊಡೆತ ತೀಕ್ಷ್ಣವಾಗದಿರಲಿ ಎಂದು.

ಕಾರಿನ ಮೂತಿ ಕುಗ್ಗಬೇಕು, ಜನ ಕೂರುವ ಗೂಡು ಮಾತ್ರ ಗಟ್ಟಿಯಾಗಿರಬೇಕು ಎಂಬ ವಿಚಾರಕ್ಕೆ 1951ರಲ್ಲಿ ಪೇಟೆಂಟ್ ಕೋರಿದವರು ಜರ್ಮನಿಯ ಬೆನ್ಝ್ ಕಾರ್ಖಾನೆಯ ಬೇಲಾ ಬಾರೆನ್ಯಿ. 1959ರಲ್ಲಿ ಅಂಥ ಕಾರು ಮಾರುಕಟ್ಟೆಗೆ ಬಂದಿತು. ನಮ್ಮ ದೇಶದಲ್ಲಿ ಈ ಪರೀಕ್ಷೆ ಕಡ್ಡಾಯವಾಗಲು ಬಹುಕಾಲ ಹಿಡಿಯಿತು. ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಮುಂಭಾಗದ ಒಂದು ಪಾರ್ಶ್ವವನ್ನು ಗುದ್ದಿಸಿ ನೋಡುವ ನಿಯಮ ಹೊಸ ಮಾದರಿಗಳಿಗೆ 2017ರ ಅಕ್ಟೋಬರಿನಿಂದಲೂ, ಎಲ್ಲ ಕಾರುಗಳಿಗೆ 2019ರ ಅಕ್ಟೋಬರಿನಿಂದಲೂ ಜಾರಿಗೆ ಬಂದಿತು. ಆ ಪರೀಕ್ಷೆಯಲ್ಲಿ ಕಾರು ಗುದ್ದುವ ತಡೆಯೂ ಜೇನುಹುಟ್ಟಿನಂತೆ ಜೋಡಿಸಿದ ಅಲ್ಯುಮಿನಿಯಂ ಕೊಳವೆಗಳ ರಾಶಿಯೇ.

ಇದೇ ಜೇನುಹುಟ್ಟು ಚಂದ್ರನವರೆಗೂ ಹೋದ ಕಥೆ ಕನ್ನಡಿಗರಿಗೆ ಹತ್ತಿರದ್ದು. ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡ ಚಂದ್ರಯಾನ-3ರ ವಿಕ್ರಮ್ ನೌಕೆಯ ನಾಲ್ಕು ಕಾಲುಗಳೊಳಗೆ ಅಲ್ಯುಮಿನಿಯಮ್ಮಿನ ಇಂಥ ಗೂಡುಗಳಿದ್ದವು. ಗಾಳಿಯಿಲ್ಲದ ಚಂದ್ರನಲ್ಲಿ ಹವಾಕೊಡೆ ನಿರುಪಯೋಗಿ. ಸ್ಪ್ರಿಂಗಿದ್ದರೆ ನೌಕೆ ಪುಟಿದು ಮಗುಚೀತು. 2019ರಲ್ಲಿ ಮೊದಲ ವಿಕ್ರಮ್ ಅಪ್ಪಳಿಸಿ ನಾಶವಾದ ಬಳಿಕ, ಕಾಲುಗಳು ಸೆಕೆಂಡಿಗೆ 2 ಮೀಟರಿನ ಬದಲು 3 ಮೀಟರ್ ವೇಗದ ಇಳಿತವನ್ನು ತಾಳುವಂತೆ ಬಲಪಡಿಸಲಾಯಿತು. ಒಂದು ಮೀಟರಿನ ವ್ಯತ್ಯಾಸವಾದರೂ ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟು. 2023ರ ಆಗಸ್ಟ್ 23ರ ಸಂಜೆ ಆ ಕಾಲುಗಳು ಚಂದ್ರನ ನೆಲವನ್ನು ಮುಟ್ಟಿದವು.

ಮರಳಿ ಮಲೆನಾಡಿಗೆ ಬರೋಣ. ಕೊಳವೆಯ ಉಪಕಾರ ಒಂದೇ ಬಾರಿಯದು. ಒಮ್ಮೆ ಮಡಿದ ಕೊಳವೆಯನ್ನು ಕಾಯಿಸಿ, ಬಡಿದು, ನೆಟ್ಟಗೆ ಮಾಡಿ, ಬಣ್ಣ ಬಳಿದು ಕೂರಿಸಿದರೆ ಕಣ್ಣಿಗೆ ಹೊಸದರಂತೆಯೇ ಕಾಣುತ್ತದೆ. ಮತ್ತೆ ಹೇಗೆ ಮಡಿಯುವುದೋ, ಮಡಿಯದೆ ಮುರಿಯುವುದೋ ಹೇಳುವವರಿಲ್ಲ. ಖರ್ಚು ಉಳಿಸಲು ಇಂಥ ರಿಪೇರಿಗೆ ಒಪ್ಪುವ ಮಾಲೀಕರು ಕಡಿಮೆಯಿಲ್ಲ. ಇನ್ನೊಂದು ಚಾಳಿ, ಆನೆ ಕಾಡುಕೋಣಗಳ ಭಯಕ್ಕೆಂದು ಮುಂದುಗಡೆ ಕಟ್ಟಿಸುವ ದಪ್ಪ ಉಕ್ಕಿನ ಕಂಬಿ. ನೋಡಲು ಗಂಭೀರ; ಆದರೆ ಹೊಡೆತವನ್ನು ಕೊಳವೆಗೆ ಒಪ್ಪಿಸದೆ ನೇರವಾಗಿ ಛಾಸಿಗೆ ದಾಟಿಸುವುದೂ, ಗಾಳಿಚೀಲ ಸಕಾಲದಲ್ಲಿ ಬಿಚ್ಚದಂತೆ ಮಾಡುವುದೂ ಇದರಿಂದ ಸಾಧ್ಯ. ಅಡ್ಡ ಬಂದ ಪಾದಚಾರಿಯ ಗತಿಯನ್ನಂತೂ ಕೇಳುವುದೇ ಬೇಡ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇದು ಅಕ್ರಮವೆಂದು ರಾಜ್ಯಗಳಿಗೆ ತಿಳಿಸಿದೆ. ಕಳಸದ ದಾರಿಯಲ್ಲಿ ಕಂಬಿ ಕಟ್ಟಿದ ಗಾಡಿಗಳನ್ನು ಕಾಣಲು ಬಹಳ ಹೊತ್ತು ಕಾಯಬೇಕಾಗಿಲ್ಲ.

ಕೊಳವೆ ಗಾಡಿಯನ್ನು ಮೆಲ್ಲಗೆ ನಿಲ್ಲಿಸುತ್ತದೆ. ಗಾಡಿಗೆ ಬೆಲ್ಟಿನಿಂದ ಬಿಗಿದುಕೊಂಡವರು ಮಾತ್ರ ಅದರೊಡನೆ ಮೆಲ್ಲಗೆ ನಿಲ್ಲುತ್ತಾರೆ. ಕಾಫಿ ಕುಯ್ಲಿನ ಕಾಲದಲ್ಲಿ ಮುಂಜಾವದ ಮಂಜಿನಲ್ಲಿ ಪಿಕಪ್ ಗಾಡಿಗಳು ತೋಟದ ದಾರಿ ಹಿಡಿಯುತ್ತವೆ. ಹಿಂದಿನ ತೊಟ್ಟಿಯಲ್ಲಿ ಕುಯ್ಲಿನ ಹೆಂಗಸರು, ಗಂಡಸರು ಬುತ್ತಿ ಹಿಡಿದು ಒತ್ತೊತ್ತಾಗಿ ನಿಂತಿರುತ್ತಾರೆ. ಸರಕಿನ ಗಾಡಿಯಲ್ಲಿ ಜನರನ್ನು ತುಂಬುವುದು ಕಾನೂನಿಗೆ ವಿರುದ್ಧವೆಂಬುದು ಎಲ್ಲರಿಗೂ ಗೊತ್ತು. ಗಾಡಿ ಗುದ್ದಿದರೆ ಅದರ ಮೂತಿ ಎಷ್ಟು ಕುಗ್ಗಿದರೂ ಹಿಂದೆ ನಿಂತವರು ಮೊದಲಿನ ವೇಗದಲ್ಲಿಯೇ ಮುಂದಕ್ಕೆ ಹೋಗುತ್ತಾರೆ. ಅವರನ್ನು ತಡೆಯಲು ಅಲ್ಲಿರುವುದು ಕ್ಯಾಬಿನ್ನಿನ ಬೆನ್ನಿಗೆ ಬೆಸೆದ ಕಬ್ಬಿಣದ ಸರಳು. ಅದು ಒಂದಂಗುಲವೂ ಮಡಿಯುವುದಿಲ್ಲ.